ಕರೆತರುವವರ ಹೆಸರು

ಓಜಿಮಾ, ಟೋಕಿಯೊ
೧೮ ಆಗಸ್ಟ್ ೨೦೨೫

ಚಿ. ಶರಣ್ಯಾಳಿಗೆ,

ಇದನ್ನು ಬರೆಯುತ್ತಿರುವವಳು ಕಾತ್ಯಾಯಿನಿ. ದಿವಂಗತ ಉಮಾಶಂಕರ್ ಅವರ ಹೆಂಡತಿ, ವಿವೇಕನ ತಾಯಿ, ನಿನ್ನನ್ನೂ ಹೆತ್ತವಳು. ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳು. ಓಜಿಮಾದ ಈ ಕಟ್ಟಡಗಳಲ್ಲಿ ಯಾವ ಕನ್ನಡದವರ ಮನೆಯಲ್ಲಿ ಗೌರಿ ಕೂರಿಸಿದರೂ ಮೊದಲು ನನ್ನನ್ನು ಕೇಳಿ ಕೂರಿಸುತ್ತಾರೆ. ಇಷ್ಟೆಲ್ಲ ಹೇಳಬೇಕಾಗಿ ಬಂದದ್ದು ಯಾಕೆಂದರೆ, ನೀನು ಕಳಿಸಿದ ಕಾರ್ಡಿನ ಮೇಲೆ ‘ವಿವೇಕ್ ಮತ್ತು ಮನೆಯವರಿಗೆ’ ಎಂದಿತ್ತು. ನಾನು ‘ಮನೆಯವರು’ ಅಲ್ಲ. ಮನೆಯ ಯಜಮಾನಿ.

ಆರು ವರ್ಷದ ಹಿಂದೆ ನೀನು ಇಲ್ಲಿನ ಕಂಪನಿ ಕೆಲಸ ಬಿಟ್ಟು ಹಕ್ಕಿಗಳ ಹಿಂದೆ ಸ್ಪೇನಿಗೆ ಹೊರಟಾಗ, ಹೋದರೆ ನನಗೆ ಫೋನ್ ಮಾಡಬೇಡ ಎಂದಿದ್ದೆ. ಆ ಮಾತು ಹಾಗೇ ಇದೆ. ಕಾಗದ ಬರೆಯಬೇಡ ಎಂದು ಹೇಳಿರಲಿಲ್ಲ. ನಿನಗೆ ಅದು ಹೊಳೆಯಲಿಲ್ಲ, ನಾನೇ ಶುರು ಮಾಡಬೇಕಾಯಿತು.

ಸೊಸೆ ನೀರಜಾ ಮತ್ತೆ ಕಾವಾಸಾಕಿಯ ಆಫೀಸಿಗೆ ಹೋಗುತ್ತಿದ್ದಾಳೆ. ಬರುವಾಗ ಏಳಾಗುತ್ತದೆ. ಮೊಮ್ಮಗಳು ನಿಧಿಗೆ ಐದು ತುಂಬಿತು. ದಿನಾ ಸಂಜೆ ನಾಲ್ಕೂವರೆಗೆ ಅವಳನ್ನು ಶಿಶುವಿಹಾರದಿಂದ ಕರೆತರುವುದು ನನ್ನ ಕೆಲಸ. ಕೊರಳಿಗೆ ಕರೆತರುವವರ ಗುರುತಿನ ಕಾರ್ಡ್ ಹಾಕಿಕೊಂಡು ಗೇಟಿನಲ್ಲಿ ನಿಂತರೆ ಅಲ್ಲಿನ ಟೀಚರ್ ಕುಬೊ ಸೆನ್ಸೆ ಬಗ್ಗಿ ನಮಸ್ಕರಿಸಿ ಮಗುವನ್ನು ಒಪ್ಪಿಸುತ್ತಾಳೆ. ಅಡುಗೆಯನ್ನು ಸೊಸೆ ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿ ಇಟ್ಟಿರುತ್ತಾಳೆ, ಬಟ್ಟೆಯನ್ನು ಯಂತ್ರ ಒಗೆಯುತ್ತದೆ. ಈ ಮನೆಯಲ್ಲಿ ನನಗೆ ಉಳಿದಿರುವುದು ಇದೊಂದು. ಇದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ.

ಹೋದ ತಿಂಗಳು ಸೊಸೆ ಇಲ್ಲಿನ ದೇವಸ್ಥಾನದಿಂದ ರಕ್ಷೆಯ ಪುಟ್ಟ ಚೀಲವೊಂದನ್ನು ತಂದುಕೊಟ್ಟಳು. ಕೆಂಪು ಜರಿಯ ಬಟ್ಟೆ, ಮೇಲೆ ಬಿಳಿ ಗಂಟು. “ಇದನ್ನ ಬಿಚ್ಚಿ ನೋಡ್ಬಾರ್ದು ಅತ್ತೆ, ಬಿಚ್ಚಿದ್ರೆ ಶಕ್ತಿ ಹೋಗತ್ತಂತೆ. ಯಾವಾಗ್ಲೂ ನಿಮ್ಮ ಬ್ಯಾಗಲ್ಲೇ ಇರ್ಲಿ” ಅಂದಳು. ಇಲ್ಲಿಯ ದೇವರಾದರೇನು, ದೇವರು ದೇವರೇ. ಇಟ್ಟುಕೊಂಡಿದ್ದೇನೆ.

ನಿಧಿ ಮೊನ್ನೆ “ಕಳೆದುಹೋದ್ರೆ ಏನ್ ಮಾಡ್ಬೇಕಜ್ಜಿ?” ಎಂದು ಕೇಳಿದಳು. ಬೊಂಬಾಯಿಯ ಕಥೆ ಹೇಳಿದೆ. ಮದುವೆಯಾದ ವರ್ಷ ಬೋರಿಬಂದರ್ ಸ್ಟೇಷನ್ನಿನ ಜನಜಂಗುಳಿಯಲ್ಲಿ ನಿನ್ನ ತಂದೆ ಎಲ್ಲೋ ಮರೆಯಾದರು. ನಾನು ನಾಲ್ಕು ಗಂಟೆ ಒಂದೇ ಕಂಬದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದೆ, ಕದಲಲಿಲ್ಲ. ಕಳೆದುಹೋದವರು ನಿಂತಲ್ಲೇ ನಿಲ್ಲಬೇಕು, ಹುಡುಕುವವರು ನಡೆಯಲಿ.

ವಿವೇಕ್ ನಿನ್ನ ನಕಾಶೆ ತೋರಿಸಿದ. ಒಂದು ಚುಕ್ಕೆ. ಹಕ್ಕಿಯ ಬೆನ್ನಿಗೆ ಏನೋ ಮೂಟೆ ಕಟ್ಟುತ್ತೀಯಂತೆ. ಅದೇನೆಂದು ಕನ್ನಡದಲ್ಲಿ, ಶಾಯಿಯಲ್ಲಿ ಬರೆ.

ನಿನ್ನ ತಾಯಿ

*

ತರೀಫಾ, ಸ್ಪೇನ್
೨ ಸೆಪ್ಟೆಂಬರ್ ೨೦೨೫

ಅಮ್ಮ,

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ಮೆಟ್ಟಿಲ ಮೇಲೇ ಕೂತು ಓದಿದೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಬೈದು ಬರೆ. ಒಂಬತ್ತು ವರ್ಷಕ್ಕೇ ಜಪಾನಿಗೆ ಬಂದವಳಿಗೆ ಕಾಗುಣಿತ ತಿದ್ದಿಸಿದವಳು ನೀನೇ.

ನಮ್ಮ ಠಾಣೆ ಇರುವುದು ಯುರೋಪಿನ ತುದಿಯಲ್ಲಿ. ಎದುರಿಗೆ ಆಫ್ರಿಕಾ, ನಡುವೆ ಹದಿನಾಲ್ಕು ಕಿಲೋಮೀಟರ್ ಸಮುದ್ರ. ಬಿಳಿ ಕೊಕ್ಕರೆ ದೊಡ್ಡ ಹಕ್ಕಿಯಾದರೂ ರೆಕ್ಕೆ ಬಡಿದು ದೂರ ಹಾರಲಾರದು. ನೆಲ ಕಾದಾಗ ಮೇಲೇಳುವ ಬಿಸಿಗಾಳಿಯನ್ನು ಹತ್ತಿ ತೇಲುತ್ತದೆ. ಸಮುದ್ರದ ಮೇಲೆ ಆ ಗಾಳಿ ಇಲ್ಲ. ಆದ್ದರಿಂದ ಜರ್ಮನಿ, ಫ್ರಾನ್ಸಿನಿಂದ ಬಂದವೆಲ್ಲ ಈ ಕಿರಿದಾದ ಜಾಗಕ್ಕೇ ಬಂದು ಸೇರುತ್ತವೆ. ಮೂಡುಗಾಳಿ ಬೀಸಿದರೆ ದಿನಗಟ್ಟಲೆ ಕಾಯುತ್ತವೆ.

ನಾವು ಕೆಲವನ್ನು ಹಿಡಿದು ಬೆನ್ನಿಗೆ ಪುಟ್ಟ ಯಂತ್ರ ಕಟ್ಟುತ್ತೇವೆ, ಶಾಲೆಯ ಮಕ್ಕಳ ಚೀಲದಂತೆ ಎರಡು ಪಟ್ಟಿ. ಅದು ಬಿಸಿಲು ಕುಡಿದು, ಹಕ್ಕಿ ಎಲ್ಲಿದೆಯೆಂದು ಹೇಳುತ್ತದೆ. ದಾರಿ ಗೊತ್ತಿರುವ ಹಕ್ಕಿಯ ಗೆರೆ ನೇರವಾಗಿರುತ್ತದೆ. ದಾರಿ ತಪ್ಪಿದ್ದರ ಗೆರೆ ಸಿಕ್ಕಾದ ಉಲ್ಲನ್ನಿನ ಹಾಗೆ.

ವಿವೇಕ್ ತೋರಿಸಿದ ಚುಕ್ಕೆ ಮೂವತ್ತೊಂದನೇ ನಂಬರಿನದು. ಅವಳಿಗೆ ಇಪ್ಪತ್ತೆರಡು ವರ್ಷ, ಕೊಕ್ಕರೆಗಳಲ್ಲಿ ಅಜ್ಜಿಯೇ. ಅವಳ ಓರಗೆಯವೆಲ್ಲ ಈಗ ಹೋಗುವುದಿಲ್ಲ. ಇಲ್ಲೇ ಊರ ಕಸದ ಗುಡ್ಡೆಗಳಲ್ಲಿ ಮೇಯ್ದು ಚಳಿಗಾಲ ಕಳೆಯುತ್ತವೆ. ಇವಳು ಮಾತ್ರ ಹೋಗಿಯೇ ತೀರುತ್ತಾಳೆ.

ನಿಧಿಯನ್ನು ಕರೆತರುವಾಗ ಅಂಗಡಿ ಬೀದಿಯಲ್ಲೇ ಬರುತ್ತೀಯಲ್ಲ? ಬೇಗ ಕತ್ತಲಾಗುವ ಕಾಲ ಬರುತ್ತಿದೆ. ಆ ರಕ್ಷೆಯನ್ನು ಮನೆಯಲ್ಲಿ ಮರೆತು ಹೋಗಬೇಡ, ಅಮ್ಮ.

ಶರಣ್ಯಾ

*

ಓಜಿಮಾ
೨೧ ಸೆಪ್ಟೆಂಬರ್ ೨೦೨೫
ಮಹಾಲಯ ಅಮಾವಾಸ್ಯೆ

ಚಿ. ಶರಣ್ಯಾ,

ದೇವರು ದಿಂಡರೆಂದರೆ ನಗುತ್ತಿದ್ದವಳು ರಕ್ಷೆ ಮರೆಯಬೇಡ ಎಂದು ಬರೆದಿದ್ದೀಯ. ಸಂತೋಷ. ನೀರಜಾಗೂ ಈಚೆಗೆ ಭಕ್ತಿ ಬಂದಿದೆ. ಎರಡು ವಾರಕ್ಕೊಮ್ಮೆ ಆ ಚೀಲವನ್ನು ತಾನೇ ತೆಗೆದುಕೊಂಡು ಹೋಗಿ, ಇಡೀ ರಾತ್ರಿ ದೇವರ ಗೂಡಿನಲ್ಲಿ ಲೈಟಿನ ದೀಪದ ಪಕ್ಕ ಇಟ್ಟು, ಬೆಳಿಗ್ಗೆ ನನ್ನ ಬ್ಯಾಗಿಗೆ ಸೇರಿಸುತ್ತಾಳೆ.

ಭಕ್ತಿ ಬಂದರೂ ಬುದ್ಧಿ ಬಂದಿಲ್ಲ. ಇವತ್ತು ನಿನ್ನ ತಂದೆಯ ಹೆಸರಿನಲ್ಲಿ ಎಡೆಗೆ ನಾನೇ ಸಾರು ಮಾಡಿದೆ. “ಅತ್ತೆ, ಉಪ್ಪು ಎರಡ್ಸಲ ಬಿತ್ತೇನೋ” ಅಂದಳು. ಕೊಂಬಿನಿ ಅಂಗಡಿಯ ಅನ್ನದುಂಡೆ ತಿಂದು ತಿಂದು ನಾಲಿಗೆ ಸತ್ತಿದೆ ನಿಂಗೆ ಅಂದೆ. ವಿವೇಕ್ ಎರಡು ಲೋಟ ನೀರು ಕುಡಿದ.

ಆಮೇಲೆ ವಿಷಯ ಹೊರಬಂತು. ನಿಧಿಯನ್ನು ಕರೆತರಲು ಸಂಬಳ ಕೊಟ್ಟು ಯಾರನ್ನೋ ಗೊತ್ತು ಮಾಡುತ್ತಾರಂತೆ. “ನಿಮ್ಗೆ ರೆಸ್ಟ್ ಆಗತ್ತೆ ಅತ್ತೆ, ಅಷ್ಟೇ.” ನನಗೆ ರೆಸ್ಟು ಬೇಕೆಂದು ಇವಳಿಗೆ ಹೇಳಿದವರು ಯಾರು? ಇಪ್ಪತ್ತೆಂಟು ವರ್ಷ ಈ ಬೀದಿಗಳನ್ನು ತುಳಿದಿದ್ದೇನೆ. ನಾನು ಬದುಕಿರುವಾಗ ನನ್ನ ಮೊಮ್ಮಗಳ ಕೈಯನ್ನು ಕೂಲಿಯವರು ಹಿಡಿಯಬೇಕಾಗಿಲ್ಲ ಎಂದು ಮಾತು ಮುಗಿಸಿದೆ.

ನಿನಗೆ ಒಂದು ಸಂಗತಿ ಹೇಳಿಯೇ ಇಲ್ಲ. ಮದುವೆಯಾದ ವರ್ಷ ಬೊಂಬಾಯಿಯ ಬೋರಿಬಂದರಿನಲ್ಲಿ ನಿನ್ನ ತಂದೆ ಜನರಲ್ಲಿ ಮರೆಯಾದರು. ಏಳು ಗಂಟೆ ಒಂದೇ ಕಂಬದ ಕೆಳಗೆ ಕೂತಿದ್ದೆ. ಕಳೆದುಹೋದವರು ಕದಲಬಾರದು. ಇದನ್ನು ನಿಧಿಗೂ ಹೇಳಬೇಕು.

ಮೂವತ್ತೊಂದು ಏನಾಯಿತು? ಅದಕ್ಕೆ ಹೆಸರಿಡಬೇಡ. ಹೆಸರಿಟ್ಟರೆ ನಾಳೆ ಸೂತಕವನ್ನೂ ಹಿಡಿಯಬೇಕಾಗುತ್ತದೆ.

ನಿನ್ನ ತಾಯಿ

*

ತರೀಫಾ
೯ ಅಕ್ಟೋಬರ್ ೨೦೨೫

ಅಮ್ಮ,

ಬೊಂಬಾಯಿಯ ಕಥೆ ಚೆನ್ನಾಗಿತ್ತು. ಇನ್ನೊಮ್ಮೆ ಹೇಳಿದರೂ ಕೇಳುತ್ತೇನೆ.

ಮೂವತ್ತೊಂದು ಐದು ದಿನ ನಮ್ಮ ಗುಡ್ಡದ ಮೇಲೆ ಗಾಳಿಗೆ ಮುಖ ಕೊಟ್ಟು ನಿಂತಿದ್ದಳು. ಆರನೆಯ ದಿನ ಹೊರಟವಳು ನಡುಗಡಲಿನಿಂದ ತಿರುಗಿ ಬಂದುಬಿಟ್ಟಳು. ದುರ್ಬೀನಿನಲ್ಲಿ ನೋಡುತ್ತಿದ್ದೆ, ಬಂಡೆಯ ಮೇಲೆ ಇಳಿದು ರೆಕ್ಕೆ ಜೋಲು ಬಿಟ್ಟು ಕೂತಳು. ಇನ್ನು ಹೋಗುವುದಿಲ್ಲ ಅಂದುಕೊಂಡೆವು. ಎರಡು ಗಂಟೆಯ ಮೇಲೆ ಮತ್ತೆ ಎದ್ದು ದಾಟಿಯೇಬಿಟ್ಟಳು. ಈಗ ಮೊರಾಕ್ಕೊದ ದಕ್ಷಿಣದಲ್ಲಿದ್ದಾಳೆ. ಮುಂದೆ ಇರುವುದು ಮರಳುಗಾಡು. ಅದನ್ನು ದಾಟಿದರೆ ಹಸಿರು, ನೀರು, ಮಿಡತೆ.

ನೀರಜಾ ಹೇಳಿದ್ದರಲ್ಲಿ ತಪ್ಪೇನಿದೆ ಅಮ್ಮ? ವಾರದಲ್ಲಿ ಎರಡು ದಿನವಾದರೂ ಬೇರೆಯವರು ಕರೆತರಲಿ. ಇದನ್ನು ನಿನ್ನ ಮಗಳಾಗಿ ಕೇಳುತ್ತಿದ್ದೇನೆ, ಅವರ ಪರವಾಗಿ ಅಲ್ಲ.

ಶರಣ್ಯಾ

*

ಓಜಿಮಾ
೧೨ ನವೆಂಬರ್ ೨೦೨೫

ಶರಣ್ಯಾ,

ಅಣ್ಣ ಅತ್ತಿಗೆ ನಿನಗೆ ಏನಾದರೂ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಕಳೆದ ಶುಕ್ರವಾರ ನಿಧಿಯನ್ನು ಅರಾಕಾವಾ ನದಿಯ ದಂಡೆಗೆ ಕರೆದುಕೊಂಡು ಹೋಗಿದ್ದೆ. ಸೈಬೀರಿಯಾದಿಂದ ಬಿಳಿ ಹಕ್ಕಿಗಳು ಬಂದಿವೆ, ತೋರಿಸೋಣ ಅಂತ. ಅತ್ತೆಯಾದ ನಿನ್ನ ಕೆಲಸ ಏನೆಂದು ಮಗುವಿಗೂ ತಿಳಿಯಲಿ. ಸ್ವಲ್ಪ ಹೊತ್ತಾಯಿತು. ಆ ಕಡೆಯಿಂದ ವಿವೇಕ್ ಸೈಕಲ್ ಮೇಲೆ ಬಂದ, ಕೂಡಿ ಮನೆಗೆ ಬಂದೆವು. ಆದದ್ದು ಇಷ್ಟೇ.

“ಅಮ್ಮ, ಫೋನ್ ಯಾಕಮ್ಮ ಎತ್ತಿಲ್ಲ? ಹನ್ನೊಂದ್ಸಲ ಮಾಡಿದೀನಿ!” ಎಂದು ಬೀದಿಯಲ್ಲೇ ಕೂಗಾಡಿದ. ನಾಯಿ ಹಿಡಿದು ನಿಂತ ಹೆಂಗಸೊಬ್ಬಳು ನೋಡುತ್ತಿದ್ದಳು. ಅವಳಿಗೆ ನಾನು ಸುಮಿಮಾಸೆನ್ ಎಂದು ಕ್ಷಮೆ ಕೇಳಬೇಕಾಯಿತು. ನನ್ನ ಮಗ ಕೂಗಾಡಿದ್ದಕ್ಕೆ.

ನಿಧಿಗೆ ನೆಗಡಿಯಾಗಿದೆ. ಮಕ್ಕಳಿಗೆ ಆಗುತ್ತದೆ.

ನಿನ್ನ ತಾಯಿ

*

ತರೀಫಾ
೨೫ ನವೆಂಬರ್ ೨೦೨೫

ಅಮ್ಮ,

ಮೂವತ್ತೊಂದರ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನವೆಂಬರ್ ಮೂರರಂದು ಮರಳುಗಾಡಿನ ನಡುವೆ ಅವಳ ಗೆರೆ ಸುತ್ತತೊಡಗಿತು. ಪೂರ್ವಕ್ಕೆ ಅರವತ್ತು ಕಿಲೋಮೀಟರ್, ಮತ್ತೆ ಹಿಂದಕ್ಕೆ, ಮತ್ತೆ ಪೂರ್ವಕ್ಕೆ. ಇಪ್ಪತ್ತೆರಡು ವರ್ಷ ಹೋಗಿಬಂದ ದಾರಿ. ಆಮೇಲೆ ಚುಕ್ಕೆಯೇ ಇಲ್ಲ. ಸತ್ತಳೆಂದು ನಾವು ಬರೆಯುವಂತಿಲ್ಲ. ‘ಸಂಪರ್ಕವಿಲ್ಲ’ ಎಂದಷ್ಟೇ ಬರೆಯುತ್ತೇವೆ.

ನಿನ್ನ ಕಾಗದ ಓದಿದೆ. ಆ ತೂಬಿನ ಬಳಿ ನಲವತ್ತು ನಿಮಿಷ ನಿಂತಿದ್ದೀರಿ. ನದಿಯ ಗಾಳಿ ಎಷ್ಟು ಚಳಿಯಿತ್ತೋ. ಸೇತುವೆಯನ್ನು ಎರಡು ಸಾರಿ ದಾಟುವ ಬದಲು ಯಾರನ್ನಾದರೂ ದಾರಿ ಕೇಳಬಹುದಿತ್ತಲ್ಲ ಅಮ್ಮ? ನೀನು ಯಾರನ್ನೂ ಕೇಳುವವಳಲ್ಲ, ಗೊತ್ತು. ಆದರೆ ಕೈಯಲ್ಲಿ ಮಗುವಿತ್ತು. ದಯವಿಟ್ಟು ಆ ಕಾರ್ಡನ್ನು ನೀರಜಾಗೆ ಕೊಟ್ಟುಬಿಡು.

ಶರಣ್ಯಾ

*

ಓಜಿಮಾ
೮ ಡಿಸೆಂಬರ್ ೨೦೨೫

ಶರಣ್ಯಾ,

ಸೇತುವೆಯ ವಿಷಯ ನಾನು ನಿನಗೆ ಬರೆದಿರಲಿಲ್ಲ. ವಿವೇಕನಿಗೂ ಹೇಳಿರಲಿಲ್ಲ. ತೂಬು ಎಂಬ ಪದವನ್ನೇ ನಾನು ಬಳಸಿರಲಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಾರಿ ಓದಿದೆ. ಆ ರಾತ್ರಿ ನೀರಜಾ ರಕ್ಷೆಯನ್ನು ದೇವರ ಮುಂದಿಟ್ಟು ಮಲಗಿದ ಮೇಲೆ ಹೋಗಿ ನೋಡಿದೆ. ಚೀಲದಿಂದ ಒಂದು ತೆಳ್ಳನೆಯ ವೈರು ಹೊರಟು ದೀಪದ ಪ್ಲಗ್ಗಿಗೆ ಸೇರಿತ್ತು. ಕತ್ತರಿ ತಂದು ಬಿಚ್ಚಿದೆ. ನೀನು ಹಕ್ಕಿಯ ಬೆನ್ನಿಗೆ ಕಟ್ಟುವಂಥದೇ ಪುಟ್ಟ ಯಂತ್ರ ಒಳಗಿತ್ತು.

ಬೆಳಿಗ್ಗೆ ಅದನ್ನು ಅವಳ ಕಾಫಿ ಲೋಟದ ಪಕ್ಕ ಇಟ್ಟೆ.

“ಇದು ಯಾವ ದೇವರು?”

“ಅತ್ತೆ... ಐ ಆಮ್ ಸಾರಿ ಅತ್ತೆ. ನಿಮ್ಗೆ ಹೇಳಿದ್ರೆ ನೀವು ಇಟ್ಕೊಳ್ತಿರ್ಲಿಲ್ಲ.”

“ಅದಕ್ಕೆ ದೇವರ ಹೆಸರು ಹೇಳಿದ್ಯಾ?”

ಅಳತೊಡಗಿದಳು. ವಿವೇಕ್ ನಡುವೆ ಬಂದು, “ಅವಳನ್ನ ಬೈಬೇಡಮ್ಮ, ಐಡಿಯಾ ನಂದು. ನೋಡೋದು ಶರಣ್ಯಾ” ಅಂದ.

ನಿಮ್ಮ ಹಕ್ಕಿಗಳಿಗೆ ಮೂಟೆ ಕಟ್ಟುವಾಗ ಯಾರೂ ಅವಕ್ಕೆ ಸುಳ್ಳು ಹೇಳುವುದಿಲ್ಲ. ಹಿಡಿಯುತ್ತೀರಿ, ಕಟ್ಟುತ್ತೀರಿ, ಬಿಡುತ್ತೀರಿ. ನಾನು ಐದು ತಿಂಗಳು ಅದಕ್ಕೆ ಕೈಮುಗಿದಿದ್ದೇನೆ.

ಆರು ವರ್ಷದ ಹಿಂದೆ ಫೋನ್ ಮಾಡಬೇಡ ಎಂದಿದ್ದೆ. ಇನ್ನು ಕಾಗದವನ್ನೂ ಬರೆಯಬೇಡ.

ಕಾತ್ಯಾಯಿನಿ

*

ತರೀಫಾ
೧೬ ಜನವರಿ ೨೦೨೬

ಅಮ್ಮ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ.

ಜುಲೈಯಲ್ಲಿ ನೀನು ತರಕಾರಿಗೆಂದು ಹೋದವಳು ಬೇರೆ ಲೈನಿನ ಯಾವುದೋ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿದೆಯಂತೆ. ಡಾಕ್ಟರ ಹತ್ತಿರ ಹೋಗೋಣವೆಂದರೆ ನೀನು ಎರಡು ದಿನ ಊಟ ಬಿಟ್ಟೆಯಂತೆ. ವಿವೇಕ್ ನನಗೆ ಫೋನ್ ಮಾಡಿ, “ನಿಂಗೆ ಗೆರೆ ಓದಕ್ಕೆ ಬರತ್ತಲ್ಲ, ನೀನು ನೋಡ್ತಿರು, ನಮ್ಗೆ ಆಫೀಸಲ್ಲಿ ಆಗಲ್ಲ” ಎಂದ. ಒಪ್ಪಿಕೊಂಡೆ. ರಕ್ಷೆಯ ಚೀಲದ ಉಪಾಯ ನನಗೂ ಗೊತ್ತಿತ್ತು. ಬೇಡ ಎನ್ನಲಿಲ್ಲ. ಆ ತಪ್ಪು ನನ್ನದೂ ಹೌದು.

ಅಲ್ಲಿ ನಾಲ್ಕೂವರೆಯಾದಾಗ ಈಗ ಇಲ್ಲಿ ಬೆಳಿಗ್ಗೆ ಎಂಟೂವರೆ. ನಿನ್ನ ಚುಕ್ಕೆ ಶಿಶುವಿಹಾರದ ಗೇಟಿನಿಂದ ಹೊರಟು ಮನೆ ಮುಟ್ಟುವವರೆಗೆ ನಾನು ಕಾಫಿಗೆ ಬಾಯಿ ಹಚ್ಚುತ್ತಿರಲಿಲ್ಲ. ಒಂದೊಂದು ದಿನ ನೀನು ಹಣ್ಣಿನಂಗಡಿಯ ಮುಂದೆ ನಿಲ್ಲುತ್ತಿದ್ದೆ. ನಿಧಿ ಏನು ಕೇಳುತ್ತಿರಬಹುದು, ನೀನು ಹೇಗೆ ಗದರುತ್ತಿರಬಹುದು ಎಂದು ಊಹಿಸುತ್ತಿದ್ದೆ. ಆರು ವರ್ಷ ನಿನ್ನ ದನಿ ಕೇಳದವಳಿಗೆ ಅದೇ ದೊಡ್ಡದಾಗಿತ್ತು. ಕಾವಲು ಕಾಯುತ್ತಿದ್ದೇನೆಂದು ಅವರಿಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನಿನ್ನ ಜೊತೆ ನಡೆಯುತ್ತಿದ್ದೆ.

ಮೂವತ್ತೊಂದು ಕೊನೆಗೆ ಕಂಡ ಜಾಗಕ್ಕೆ ನಮ್ಮವರು ಜೀಪಿನಲ್ಲಿ ಹೋಗಿ ಬಂದರು. ಏನೂ ಸಿಗಲಿಲ್ಲ. ಒಂದು ಗರಿಯೂ ಇಲ್ಲ. ನಿನ್ನ ಚುಕ್ಕೆ ಡಿಸೆಂಬರ್ ಏಳರಿಂದ ಮನೆಯಲ್ಲೇ ನಿಂತು, ಹದಿನೆಂಟಕ್ಕೆ ಆರಿಹೋಯಿತು. ನಮ್ಮ ಕೆಲಸದಲ್ಲಿ ಹೀಗಾದರೆ ಯಾರಾದರೂ ಹೋಗಿ ನೋಡಬೇಕೆಂಬ ನಿಯಮವಿದೆ.

ನಾನು ಬರಲೇ?

ಶರಣ್ಯಾ

*

ಓಜಿಮಾ
೩ ಫೆಬ್ರವರಿ ೨೦೨೬

ಚಿ. ಶರಣ್ಯಾಳಿಗೆ,

ಬಾ. ನನ್ನನ್ನು ಹುಡುಕಲು ಬರಬೇಡ, ಮನೆಗೆ ಬಾ.

ಈಗ ನಾನು ಬರೆಯುವುದನ್ನು ವಿವೇಕನಿಗೆ ಹೇಳಬೇಕಾಗಿಲ್ಲ. ಆ ಶುಕ್ರವಾರ ನಾನು ಹಕ್ಕಿ ತೋರಿಸಲು ಹೋಗಿರಲಿಲ್ಲ. ಶಿಶುವಿಹಾರದ ಗೇಟು ದಾಟಿ ಮೂಲೆಯಲ್ಲಿ ತಿರುಗಿದೆ. ಅಲ್ಲಿರಬೇಕಾದ ಔಷಧಿ ಅಂಗಡಿ ಇರಲಿಲ್ಲ. ಇತ್ತೋ ಏನೋ, ನನಗೆ ಕಾಣಲಿಲ್ಲ. ಇಲ್ಲಿನ ಕಟ್ಟಡಗಳೆಲ್ಲ ಒಂದೇ ಅಚ್ಚಿನವು, ನೆತ್ತಿಯ ಮೇಲೆ ನಂಬರು. ನಮ್ಮದು ನಾಲ್ಕು ಎಂದು ಗೊತ್ತಿತ್ತು. ನಾಲ್ಕು ಹುಡುಕುತ್ತಾ ಹೋದೆ. ನಂಬರುಗಳು ಮುಗಿದು ನದಿ ಬಂತು.

ನಿಧಿ ಮೊದಲಿನಿಂದಲೂ ನನ್ನ ಕೈ ಜಗ್ಗುತ್ತಿದ್ದಳು. “ಅಜ್ಜಿ, ಕೊಚ್ಚಿ. ಮನೆ ಕೊಚ್ಚಿ.” ಈ ಕಡೆ, ಈ ಕಡೆ ಎಂದು. ಮಗುವಿಗೆ ದಾರಿ ಗೊತ್ತಿತ್ತು. ನಾನು “ದೊಡ್ಡವ್ರಿಗೆ ದಾರಿ ತೋರಿಸ್ತೀಯಾ?” ಎಂದು ಗದರಿ ಎಳೆದುಕೊಂಡು ಹೋದೆ. ಸೇತುವೆಯ ಮೇಲೆ ಅವಳ ಚಡ್ಡಿ ಒದ್ದೆಯಾಯಿತು. ಅಳಲಿಲ್ಲ. ಅತ್ತರೆ ನಾನು ಇನ್ನೂ ಗದರುತ್ತೇನೆಂದು ಅಳಲಿಲ್ಲ. ತೂಬಿನ ಬಳಿ ನಾನು ನಿಂತದ್ದು ದಾರಿ ಮರೆತಿದ್ದಕ್ಕಲ್ಲ. ಮಗುವಿನ ಹೆಸರು ನಾಲಿಗೆಗೆ ಬರಲಿಲ್ಲ. ಕೈ ಹಿಡಿದು ನಿಂತಿರುವ ಈ ಮಗು ನನ್ನದು ಎಂದು ಗೊತ್ತಿತ್ತು, ಹೆಸರು ಮಾತ್ರ ಇಲ್ಲ. ನಲವತ್ತು ನಿಮಿಷ ಎಂದು ನೀನು ಬರೆದೆ. ನನಗೆ ಅದರ ಲೆಕ್ಕವಿರಲಿಲ್ಲ.

ಇಷ್ಟಾದರೂ ಕಾರ್ಡ್ ಕೊಡಲಿಲ್ಲ. ವಿವೇಕ್ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಿ ಮಗುವನ್ನು ಕರೆತರತೊಡಗಿದ. ಉಳಿದೆರಡು ದಿನ ನನ್ನ ಬಾಯಿಗೆ ಹೆದರಿ ನನಗೇ ಬಿಟ್ಟರು. ಆ ಯಂತ್ರವನ್ನು ಡ್ರಾಯರಿನಲ್ಲಿ ಎಸೆದು ನಾನು ಹೋಗಿ ಬರುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ನೋಡಿದಿರಾ, ಎಂದು ಸೊಸೆಯ ಮುಂದೆ ಕಾರ್ಡ್ ಕಳಚಿ ಇಡುತ್ತಿದ್ದೆ.

ಮೊನ್ನೆ ಗುರುವಾರ ಗೇಟಿನಲ್ಲಿ ನಿಧಿಯ ಗೆಳತಿಯ ತಾಯಿ, ಮಗುವನ್ನು ತಮ್ಮ ಮನೆಗೆ ಆಟಕ್ಕೆ ಕಳಿಸಿ ಎಂದು ಕೇಳಿದಳು. ಗೆಳತಿ ಕುಣಿಯುತ್ತಿದ್ದಳು. ನಿಧಿ ತಲೆಯಲ್ಲಾಡಿಸಿದಳು.

“ಹೋಗೇ, ಒಂದು ಗಂಟೆ ಆಟ ಆಡ್ಕೊಂಡು ಬಾ” ಅಂದೆ.

“ಬೇಡ. ಅಜ್ಜೀನ ಮನೆಗೆ ಕರ್ಕೊಂಡು ಹೋಗ್ಬೇಕು.” ಆಮೇಲೆ ಗೆಳತಿಯ ಕಡೆ ತಿರುಗಿ ಜಪಾನೀ ಭಾಷೆಯಲ್ಲಿ, ಅದು ನನ್ನ ಕೆಲಸ ಎಂದಳು. ಬೇಸರದಿಂದ ಹೇಳಲಿಲ್ಲ. ನಾನು ಹೇಳುವ ಧಾಟಿಯಲ್ಲೇ ಹೇಳಿದಳು.

ದಾರಿಯಲ್ಲಿ ಮೊದಲ ಸಾರಿ ಗಮನಿಸಿದೆ. ಮುಂಚೆ ಬೆಕ್ಕು ಕಂಡರೆ ನಿಲ್ಲುತ್ತಿದ್ದಳು, ಬೀದಿಯ ಮಾರಾಟದ ಯಂತ್ರಗಳಲ್ಲಿನ ಜ್ಯೂಸಿನ ಡಬ್ಬಿ ಎಣಿಸುತ್ತಿದ್ದಳು. ಈಗ ಏನನ್ನೂ ನೋಡುವುದಿಲ್ಲ. ಕಟ್ಟಡದ ನೆತ್ತಿಯ ನಂಬರುಗಳನ್ನು ಓದುತ್ತಾ, ನನ್ನ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದು, ತುಟಿ ಬಿಗಿದು ನಡೆಯುತ್ತಾಳೆ. ತಿರುವು ಬಂದರೆ ಮೊದಲು ನನ್ನ ಮುಖ ನೋಡಿ ಆಮೇಲೆ ಮೆಲ್ಲಗೆ ಜಗ್ಗುತ್ತಾಳೆ, ನನಗೆ ತಿಳಿಯದ ಹಾಗೆ. ಎರಡು ತಿಂಗಳಿನಿಂದ ನಾನು ತಪ್ಪದೇ ಮನೆ ಸೇರಿದ್ದು ಹೀಗೆ. ಐದು ವರ್ಷದ ಮಗುವಿನ ಬೆನ್ನಿಗೆ ನನ್ನನ್ನು ಕಟ್ಟಿದ್ದೆ.

ಆ ರಾತ್ರಿ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಯಂತ್ರವನ್ನು ಡ್ರಾಯರಿನಿಂದ ತೆಗೆದು, ನನ್ನ ಲಂಗಕ್ಕೆ ಒಳಜೇಬು ಹೊಲಿದು ಅದರಲ್ಲಿಟ್ಟಿದ್ದೇನೆ. ಇನ್ನು ಅದಕ್ಕೆ ಕರೆಂಟು ಕೊಡುವುದು ನಡುಮನೆಯ ಪ್ಲಗ್ಗಿನಲ್ಲಿ, ಎಲ್ಲರ ಕಣ್ಣೆದುರಿಗೆ. ದೇವರ ಗೂಡಿನ ಹತ್ತಿರ ಬಂದರೆ ಕೈ ಮುರಿಯುತ್ತೇನೆ ಎಂದು ನೀರಜಾಗೆ ಹೇಳಿದೆ. “ಆಯ್ತು ಅತ್ತೆ” ಅಂದಳು. ಡಾಕ್ಟರ ಹತ್ತಿರ ಹದಿನಾಲ್ಕನೇ ತಾರೀಖಿಗೆ ಹೋಗುವುದೆಂದು ಆಗಿದೆ. ನೀನು ನನ್ನ ಚುಕ್ಕೆಯನ್ನು ನೋಡಬಹುದು. ನೋಡಿದ್ದನ್ನು ನನ್ನಿಂದ ಮುಚ್ಚಿಡಬೇಡ.

ನಿನ್ನೆ ಸೋಮವಾರ ನೀರಜಾ ರಜೆ ಹಾಕಿದಳು. ಇಬ್ಬರೂ ಶಿಶುವಿಹಾರಕ್ಕೆ ಹೋದೆವು. ಕುಬೊ ಸೆನ್ಸೆ ಕಡತ ತೆಗೆದು ಮುಂದಿಟ್ಟಳು. ‘ಕರೆತರುವವರ ಹೆಸರು’ ಎಂಬಲ್ಲಿ ಮೊದಲನೆಯದೇ ನನ್ನದು. ಕೊರಳಿನ ಕಾರ್ಡನ್ನು ಕಳಚಿ ಮೇಜಿನ ಮೇಲಿಟ್ಟೆ. ಸಂಬಳಕ್ಕೆ ಗೊತ್ತು ಮಾಡಿದ ಹೆಂಗಸಿನ ಹೆಸರನ್ನು ನಾನೇ ಹೇಳಿ ಬರೆಸಿದೆ. ಇಲ್ಲಿ ಕಾಗದದ ಮೇಲಿನ ಹೆಸರನ್ನು ಗೀಚಿ ಅಳಿಸುವಂತಿಲ್ಲ. ಸ್ಕೇಲಿಟ್ಟು ಎರಡು ಗೆರೆ ಎಳೆದು, ಅದರ ಮೇಲೆ ಆ ಹೆಸರಿನವರೇ ತಮ್ಮ ಮುದ್ರೆ ಒತ್ತಬೇಕು. ಕುಬೊ ಸೆನ್ಸೆ ಗೆರೆ ಎಳೆಯಲು ಹಿಂಜರಿದಳು. ಸ್ಕೇಲನ್ನು ಅವಳ ಕೈಯಿಂದ ತೆಗೆದುಕೊಂಡು ಎರಡೂ ಗೆರೆಗಳನ್ನು ನಾನೇ ಎಳೆದೆ. ಕೆಂಪು ಶಾಯಿಯಲ್ಲಿ ಅದ್ದಿ ಮುದ್ರೆ ಒತ್ತಿದೆ. ನೇರವಾಗಿಯೇ ಬಿತ್ತು.

ನಿನ್ನ ಅಮ್ಮ